ಮರುವಾಯಿ ಎಂದು ಬರೆದದ್ದು ತಪ್ಪಲ್ಲ

ಮಾನ್ಯ ಸಂಪಾದಕರೇ,

ಎಂಟನೇ ತರಗತಿಯ ನನ್ನ ಮೊಮ್ಮಗಳು ಕಳೆದ ವಾರ ವಿಜ್ಞಾನದ ಉತ್ತರ ಪತ್ರಿಕೆ ತಂದು ತೋರಿಸಿದಳು. ‘ಸಮುದ್ರದ ಆಹಾರ ಜಾಲದಲ್ಲಿ ಪ್ರಾಥಮಿಕ ಭಕ್ಷಕಕ್ಕೆ ಒಂದು ಉದಾಹರಣೆ ಕೊಡಿ’ ಎಂಬುದಕ್ಕೆ ನಮ್ಮ ಕರಾವಳಿಯ ಚಿಪ್ಪುಜೀವಿ ‘ಮರುವಾಯಿ’ಯ ಹೆಸರು ಬರೆದಿದ್ದಾಳೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಸಣ್ಣ ಮೀನು’ ಎಂದು ತಿದ್ದಿದ್ದಾರೆ. 28 ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ನನಗೆ ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಸಸ್ಯಗಳನ್ನು ನೇರವಾಗಿ ತಿನ್ನುವ ಪ್ರಾಣಿಯೇ ಪ್ರಾಥಮಿಕ ಭಕ್ಷಕ. ಮರುವಾಯಿ ಅಳಿವೆಯ ಮರಳಲ್ಲಿ ಹುದುಗಿ, ನೀರನ್ನು ಒಳಗೆಳೆದುಕೊಂಡು, ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯ ಪ್ಲವಕಗಳನ್ನೂ ಕೊಳೆತ ಎಲೆಯ ಕಣಗಳನ್ನೂ ಸೋಸಿ ತಿನ್ನುತ್ತದೆ. ಬಂಡೆಗೆ ಅಂಟಿರುವ ಚಿಪ್ಪುಜೀವಿ ಪಚ್ಚಿಲೆಯೂ ಹಾಗೆಯೇ. ಮಗು ಬರೆದದ್ದು ನೂರಕ್ಕೆ ನೂರು ಸರಿ.

‘ಸಣ್ಣ ಮೀನು’ ಉತ್ತರವೇ ಅಲ್ಲ. ಯಾರು ಪ್ರಾಥಮಿಕ ಭಕ್ಷಕ ಎಂಬುದನ್ನು ಹೇಳುವುದು ಮೇವು, ಗಾತ್ರವಲ್ಲ. ಕೊಲ್ಲತರು ಮೀನು ಬೂತಾಯಿ ಮೀನಿಗಿಂತ ಸಣ್ಣದು. ಆದರೆ ಅದು ಹೆಚ್ಚಾಗಿ ತಿನ್ನುವುದು ಕೋಪೆಪಾಡ್‌ನಂಥ ಪ್ರಾಣಿ ಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಪುಟ್ಟ ಪ್ರಾಣಿಗಳನ್ನು. ಸಸ್ಯ ಪ್ಲವಕ ತಿನ್ನುವ ಆ ಕೋಪೆಪಾಡ್ ಪ್ರಾಥಮಿಕ ಭಕ್ಷಕ. ಅದನ್ನು ತಿನ್ನುವ ಕೊಲ್ಲತರು ಒಂದು ಮೆಟ್ಟಿಲು ಮೇಲೆ. ಅದಕ್ಕಿಂತ ದೊಡ್ಡದಾದ ಬೂತಾಯಿಯೋ ಬಹುಪಾಲು ಸಸ್ಯ ಪ್ಲವಕಗಳಾದ ಡಯಾಟಮ್‌ಗಳ ಮೇಲೆ ಬದುಕುತ್ತದೆ, ನಡುನಡುವೆ ಒಂದಿಷ್ಟು ಪ್ರಾಣಿ ಪ್ಲವಕ. ಮಳೆಗಾಲದಲ್ಲಿ ತಳದ ತಣ್ಣನೆಯ ನೀರು ಮೇಲೆದ್ದು ಡಯಾಟಮ್‌ಗಳು ಹುಲುಸಾಗಿ ಬೆಳೆದ ಮೇಲೆ ಬೂತಾಯಿ ದಂಡುದಂಡಾಗಿ ದಡದ ಕಡೆಗೆ ಬರುವುದೂ ಆ ಮೇವಿಗಾಗಿಯೇ. ಇನ್ನು ಮನ್ನಾರ್ ಕೊಲ್ಲಿಯ ಕಡಲಹಸು 300 ಕಿಲೋ ತೂಗಿದರೂ ತಿನ್ನುವುದು ಕಡಲಹುಲ್ಲನ್ನೇ.

ನಾನು ಕಲಿಸುತ್ತಿದ್ದಾಗ ಮಳೆಗಾಲ ಕಳೆದು ಬೂತಾಯಿ ಅಗ್ಗವಾದಾಗ ನಾಲ್ಕೈದು ಮೀನು ತರಗತಿಗೆ ಒಯ್ಯುತ್ತಿದ್ದೆ. ಕಿವಿರು ಎತ್ತಿ ಒಳಗಿನ ಒತ್ತಾದ ಬಾಚಣಿಗೆಯಂಥ ಎಳೆಗಳನ್ನು ಮಕ್ಕಳಿಗೆ ಮುಟ್ಟಿಸುತ್ತಿದ್ದೆ. ಸಣ್ಣ ಕಣಗಳನ್ನು ಸೋಸುವ ಜರಡಿ ಅದು. ಹೊಟ್ಟೆ ಸೀಳಿ, ಒಳಗಿನ ಲೋಳೆಯನ್ನು ಒಂದು ಹನಿ ನೀರಲ್ಲಿ ಕದಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಡಯಾಟಮ್‌ಗಳ ಗಾಜಿನಂಥ ಚಿಪ್ಪು ಹೊಳೆಯುತ್ತಿತ್ತು. ಸಿಲಿಕಾದ ಆ ಚಿಪ್ಪು ಮೀನಿನ ಹೊಟ್ಟೆಯಲ್ಲಿ ಕರಗುವುದಿಲ್ಲ. ಒಮ್ಮೆ ದೊಡ್ಡ ಬಂಗುಡೆಯೊಂದರ ಹೊಟ್ಟೆಯಲ್ಲಿ ಸಿಗಡಿ ಮರಿಯ ಕಾಲುಗಳು ಕಂಡವು. ಮರಿಯಾಗಿದ್ದಾಗ ಡಯಾಟಮ್ ತಿನ್ನುವ ಬಂಗುಡೆ ಬೆಳೆದಂತೆ ಮೇವು ಬದಲಿಸುತ್ತದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ, ಮಕ್ಕಳೇ ಕೇಳಿದರು.

ಮೀನು ಹಸನು ಮಾಡುವುದನ್ನು ದಿನಾ ನೋಡುವ ನಮ್ಮ ಕರಾವಳಿಯ ಮಕ್ಕಳಿಗೆ ಮೀನಿನ ಹೊಟ್ಟೆಯೇ ಪಾಠ ಹೇಳುತ್ತದೆ. ಮೌಲ್ಯಮಾಪನ ಮಾಡುವ ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ: ಮಾದರಿ ಉತ್ತರದಲ್ಲಿರುವ ‘ಸಣ್ಣ ಮೀನು’ ತೆಗೆದುಹಾಕಿ. ಮರುವಾಯಿ, ಪಚ್ಚಿಲೆ, ಕೋಪೆಪಾಡ್, ಬೂತಾಯಿ, ಯಾವುದನ್ನು ಬರೆದ ಮಗುವಿಗೂ ಅಂಕ ಕೊಡಿ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಉದ್ಯಾವರ