ಈಮ್ ಹಳ್ಳಿಯಲ್ಲಿ ಪಾದ್ರಿ ಒಬ್ಬನೇ ಇರಲಿಲ್ಲ

ಪ್ರೀತಿಯ ತಮ್ಮ,

ಈಮ್ ಹಳ್ಳಿಯ ಪ್ಲೇಗ್ ಬಗ್ಗೆ ನೀನು ಬರೆದಿದ್ದನ್ನು ಓದಿದೆ. ಭಾಷೆ ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಊರಿಡೀ ಹುಡುಕಿದರೂ ಅಲ್ಲಿ ಸಿಗುವುದು ಒಬ್ಬನೇ ಮನುಷ್ಯ, ಪಾದ್ರಿ ವಿಲಿಯಂ ಮೊಂಪೆಸನ್. 1665ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ಆ ಹಳ್ಳಿಗೆ ಕಾಯಿಲೆ ಬಂತು, ಸುತ್ತಲ ಊರುಗಳಿಗೆ ಅದು ಹರಡದಿರಲಿ ಅಂತ ಮರುವರ್ಷ ಅವನು ಜನರನ್ನು ಒಪ್ಪಿಸಿ ಊರಿನಿಂದ ಯಾರೂ ಆಚೆ ಹೋಗದಂತೆ ಮಾಡಿದ, ಸುಮಾರು 260 ಜನ ಸತ್ತರು. ಸರಿ. ಆದರೆ ಜನ ಯಾಕೆ ಒಪ್ಪಿದರು?

ಅಲ್ಲಿದೆ ನೋಡು ನಿನ್ನ ಕತೆ. ಮೊಂಪೆಸನ್ ಇನ್ನೂ ಮೂವತ್ತು ದಾಟದ ಹುಡುಗ, ಊರಿಗೆ ಬಂದು ಎರಡು ವರ್ಷ ಆಗಿತ್ತಷ್ಟೇ. ಜನ ನಂಬಿದ್ದು ಹಳೆಯ ಪಾದ್ರಿ ಥಾಮಸ್ ಸ್ಟಾನ್ಲಿಯನ್ನು. ಅಂತರ್ಯುದ್ಧದಲ್ಲಿ ಹೋಗಿದ್ದ ರಾಜಪಟ್ಟ 1660ರಲ್ಲಿ ಮರಳಿ ಬಂದ ಮೇಲೆ, ಸರ್ಕಾರಿ ಚರ್ಚಿನ ಕಟ್ಟಳೆಗೆ ಬಗ್ಗದೆ ಕೆಲಸ ಕಳೆದುಕೊಂಡ ಪ್ಯೂರಿಟನ್, ಅಂದರೆ ಚರ್ಚಿನಲ್ಲಿ ಆಡಂಬರ ಬೇಡ ಅನ್ನುವ ಪಂಥದವನು ಅವನು. ಆದರೂ ತನ್ನ ಜಾಗದಲ್ಲಿ ಕೂತ ಮೊಂಪೆಸನ್ ಸಹಾಯ ಕೇಳಿದಾಗ ಸ್ಟಾನ್ಲಿ ಪಕ್ಕದಲ್ಲಿ ಬಂದು ನಿಂತ. ಧರ್ಮದ ಜಗಳಕ್ಕೆ ದೇಶವೇ ಹೊತ್ತಿ ಉರಿದು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ ನೋಡು! ನೀನು ಸ್ಟಾನ್ಲಿಗೆ ಅರ್ಧ ಸಾಲು ಕೊಟ್ಟಿದ್ದೀಯ, ನನಗೆ ನಿಜಕ್ಕೂ ಬೇಸರವಾಯಿತು.

ಇನ್ನು ಎಲಿಜಬೆತ್ ಹ್ಯಾನ್‌ಕಾಕ್. 1666ರ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡವಳು. ಹೆಣ ಮುಟ್ಟಲು ಯಾರೂ ಬರುವಂತಿರಲಿಲ್ಲ, ಒಬ್ಬಳೇ ಮನೆ ಹತ್ತಿರದ ಹೊಲಕ್ಕೆ ಎಳೆದುಕೊಂಡು ಹೋಗಿ ಮಣ್ಣು ಮಾಡಿದಳು. ರೈಲಿ ಗ್ರೇವ್ಸ್ ಅಂತ ಆ ಗೋರಿಗಳು ಇವತ್ತಿಗೂ ಅಲ್ಲಿವೆ. ನೀನು ಅವಳ ಬಾಯಲ್ಲಿ ಉದ್ದುದ್ದ ಮಾತು ಆಡಿಸಿದ್ದೀಯಲ್ಲ, ಅದನ್ನು ತೆಗೆದುಬಿಡು. ಅವಳು ಏನಂದಳೋ ಯಾರೂ ಬರೆದಿಟ್ಟಿಲ್ಲ. ಏಳು ಹೆಣ, ಎಂಟು ದಿನ, ಆಗಸ್ಟ್ ತಿಂಗಳ ಸೆಕೆ, ಇಷ್ಟು ಬರೆದರೆ ಓದುವವರ ಹೊಟ್ಟೆ ಕಲಸುತ್ತದೆ.

ಮೊಂಪೆಸನ್‌ನನ್ನು ಬಿಡು ಅಂತಲ್ಲ. ಅವನನ್ನೂ ಪೂರ್ತಿ ಬರಿ. ಅವನು ತನ್ನ ಮಕ್ಕಳನ್ನು ಮೊದಲೇ ಊರಿನಿಂದ ಆಚೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲಿಲ್ಲ, ಅದೇ ಆಗಸ್ಟ್‌ನಲ್ಲಿ ಸತ್ತಳು. ಮಕ್ಕಳ ವಿಷಯ ಬರೆದರೆ ಅವನು ಸಣ್ಣವನಾಗುತ್ತಾನೆ ಅಂತ ಹೆದರಿದೆಯಾ? ಆಗಲ್ಲ ಕಣೋ. ತಂದೆಯಾಗಿ ಅವನು ಏನು ಮಾಡಿದ, ಪಾದ್ರಿಯಾಗಿ ಊರಿನವರಿಂದ ಏನು ಕೇಳಿದ, ಎರಡನ್ನೂ ಪಕ್ಕಪಕ್ಕ ಇಡು. ತೀರ್ಪು ಓದುಗರೇ ಕೊಟ್ಟುಕೊಳ್ಳಲಿ.

ಊರಿನ ಗಡಿಯಲ್ಲಿದ್ದ ಕಲ್ಲಿನ ಬಗ್ಗೆ ಸುಮ್ನೆ ಒಂದು ಮಾತು ಹೇಳಿ ಮುಂದೆ ಹೋಗಿದ್ದೀಯ. ಆ ಕಲ್ಲಿನ ಮೇಲೆ ಗುಂಡಿಗಳಿವೆ. ಕಾಸಿನಿಂದ ಕಾಯಿಲೆ ಅಂಟದಿರಲಿ ಅಂತ ಹಳ್ಳಿಯವರು ಅದರಲ್ಲಿ ವಿನಿಗರ್ ತುಂಬಿ ಕಾಸು ಹಾಕುತ್ತಿದ್ದರು, ಆಚೆ ಊರಿನವರು ದಿನಸಿ ಇಟ್ಟು ಕಾಸು ತೆಗೆದುಕೊಂಡು ಹೋಗುತ್ತಿದ್ದರು. ದಿನಸಿ ಹೊತ್ತು ತಂದ ಆ ಜನಕ್ಕೂ ಜೀವಭಯ ಇತ್ತು ಅಲ್ವಾ? ಅವರ ಹೆಸರು ಗೊತ್ತಿಲ್ಲದಿದ್ದರೆ ಹೆಸರಿಲ್ಲದೆಯೇ ಬರಿ.

ಮೊದಲು ಸ್ಟಾನ್ಲಿಯ ಭಾಗ ಮುಗಿಸಿ ಕಳಿಸು. ಅದನ್ನು ಓದಿದ ಮೇಲೆ ಉಳಿದದ್ದು ಮಾತಾಡೋಣ.

ನಿನ್ನ ಅಣ್ಣ