ಹೊಳೆಬಾಗಿಲಿನ ಲಾಂಚ್ ತುಕ್ಕು ಹಿಡಿಯೋಕೆ ಬಿಡ್ಬೇಡಿ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆಯ್ತು, ತುಂಬಾ ಒಳ್ಳೇದಾಯ್ತು. ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಆದಾಗಿಂದ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವ್ರು ರಾತ್ರಿ ಹೊತ್ತು ಯಾರಿಗಾದ್ರೂ ಹುಷಾರು ತಪ್ಪಿದ್ರೆ ಹೊಳೆ ದಾಟೋಕಾಗ್ದೆ ಪಟ್ಟ ಪಾಡು ಸಾಗರದವ್ರಿಗೆಲ್ಲ ಗೊತ್ತು. ಆದ್ರೆ ಹೊಳೆಬಾಗಿಲಲ್ಲಿ ಜನರನ್ನ ಹಿನ್ನೀರು ದಾಟಿಸ್ತಿದ್ದ ಲಾಂಚಿಗೆ ಈಗ ಮೊದಲಿನ ಕೆಲಸ ಇಲ್ಲ, ಒಂದನ್ನಾದ್ರೂ ಹಿನ್ನೀರು ಸುತ್ತಿಸೋಕೆ ಇಟ್ಕೊಳ್ಳಿ ಅಂತ ಕೇಳ್ಕೊಳ್ಳೋಕೆ ಈ ಪತ್ರ.

ಸ್ಕಾಟ್ಲೆಂಡಲ್ಲಿ ವೇವರ್ಲಿ ಅಂತ ಒಂದು ಸ್ಟೀಮರ್ ಇದೆ, ಎರಡೂ ಪಕ್ಕ ದೊಡ್ಡ ಚಕ್ರ ತಿರುಗಿಸ್ಕೊಂಡು ಹೋಗುತ್ತೆ, 1946ರಲ್ಲಿ ನೀರಿಗಿಳಿದಿದ್ದು. ಓಡಿಸಿದ್ರೆ ಲಾಸ್ ಅಂತ ಕಂಪ್ನಿಯವ್ರು ನಿಲ್ಸಿ, 1974ರಲ್ಲಿ ಹಳೇ ಸ್ಟೀಮರ್ ಉಳಿಸೋ ಸಂಘವೊಂದಕ್ಕೆ ಬರೀ 1 ಪೌಂಡಿಗೆ ಕೊಟ್ಬಿಟ್ರು. ಸಂಘದವ್ರು ಮರುವರ್ಷವೇ ಮತ್ತೆ ಓಡಿಸಿದ್ರು, ಈಗ್ಲೂ ಬೇಸಿಗೆಲಿ ಗ್ಲಾಸ್ಗೋದಿಂದ ಕ್ಲೈಡ್ ನದಿ ಹಿಡ್ಕೊಂಡು ದ್ವೀಪಗಳ ಕಡೆ ಜನರನ್ನ ಕರ್ಕೊಂಡು ಹೋಗುತ್ತೆ, ಇಂಜಿನ್ ತಿರುಗೋದನ್ನ ಮಕ್ಕಳು ಹತ್ರನೇ ನಿಂತು ನೋಡ್ಬಹುದು.

ಅಲ್ಲೇ ಕ್ಯಾಲೆಡೋನಿಯನ್ ಕಾಲುವೆ ಅಂತಿದೆ, ಥಾಮಸ್ ಟೆಲ್ಫರ್ಡ್ ಇಂಜಿನಿಯರ್, 1822ರಲ್ಲಿ ಓಡಾಟಕ್ಕೆ ಓಪನ್ ಆಗಿದ್ದು. ಸುಮಾರು 97 ಕಿಲೋಮೀಟರ್ ಉದ್ದ, ಅಗೆದಿದ್ದು ಮೂರರಲ್ಲಿ ಒಂದು ಪಾಲು ಅಷ್ಟೇ, ಉಳಿದಿದ್ದೆಲ್ಲ ಲಾಕ್ ನೆಸ್ ಥರದ ಸರೋವರಗಳು. ಕಟ್ಟಿ ಮುಗಿಯೋಷ್ಟ್ರಲ್ಲಿ ಹಡಗುಗಳೇ ದೊಡ್ಡದಾಗಿ, ಅಂದ್ಕೊಂಡಷ್ಟು ವ್ಯಾಪಾರ ಆಗ್ಲಿಲ್ಲ. ಹಾಗಂತ ಅದನ್ನ ಮುಚ್ಚಿಲ್ಲ, ಇವತ್ತು ಅದ್ರಲ್ಲಿ ಹೆಚ್ಚಾಗಿ ಓಡೋದು ಸುತ್ತಾಡೋಕೆ ಬಂದವ್ರ ಬೋಟುಗಳೇ. ಬ್ಯಾನವಿ ಅನ್ನೋ ಊರಲ್ಲಿ ಮೆಟ್ಟಿಲ ಥರ ಸಾಲಾಗಿ ಗೇಟಿರೋ 8 ತೊಟ್ಟಿಗಳಿವೆ, ಒಂದೊಂದ್ರಲ್ಲೂ ನೀರು ತುಂಬ್ಸಿ ಬೋಟನ್ನ ಒಟ್ಟು ಸುಮಾರು 20 ಮೀಟರ್ ಮೇಲಕ್ಕೆ ಹತ್ತಿಸ್ತಾರೆ, ಅದಕ್ಕೆ ಒಂದೂವರೆ ಗಂಟೆ ಬೇಕಾಗುತ್ತೆ, ಅಷ್ಟು ನಿಧಾನ ಇದ್ರೂ ಜನ ಖುಷಿಯಿಂದ ಕಾಯ್ತಾರೆ!

ನಮ್ ಶರಾವತಿ ಹಿನ್ನೀರೇನು ಕಮ್ಮಿನಾ? ಮಳೆ ಮುಗ್ದು ನೀರು ತುಂಬಿದ್ದಾಗ ಆ ಗುಡ್ಡಗಳ ನಡುವೆ ಸಂಜೆ ಒಂದೆರಡು ಗಂಟೆ ಲಾಂಚ್ ಸುತ್ತಿಸ್ಲಿ, ಬೇಸಿಗೆಲಿ ನೀರು ಇಳಿದಾಗ ನಿಲ್ಸ್ಲಿ. ನೀರಡಿ ಮುಳುಗಿರೋ ಹಿರೇಭಾಸ್ಕರ ಡ್ಯಾಮ್ ಬಗ್ಗೆ, ಮನೆ ಗದ್ದೆ ಬಿಟ್ಟು ಎದ್ದು ಹೋದವ್ರ ಬಗ್ಗೆ ಕರೂರು, ತುಮರಿ ಕಡೆಯ ಹಿರಿಯರೇ ಹೇಳ್ಲಿ, ಅವ್ರಿಗೆ ಅದಕ್ಕೆ ಸಂಬಳನೂ ಸಿಗ್ಲಿ. ದಯವಿಟ್ಟು ಡಿಜೆ ಹಾಕೋ ಪಾರ್ಟಿ ಬೋಟ್ ಮಾತ್ರ ಮಾಡ್ಬೇಡಿ. ಎಲ್ರಿಗೂ ಲೈಫ್ ಜಾಕೆಟ್ ಕಡ್ಡಾಯ ಆಗ್ಲಿ, ಇಷ್ಟು ವರ್ಷ ಲಾಂಚ್ ನಡೆಸಿದವ್ರನ್ನೇ ಮೊದ್ಲು ಕೆಲಸಕ್ಕೆ ಕರೀಲಿ. ಹೊಳೆಯ ಸುಳಿ, ಗಾಳಿ, ದಿಣ್ಣೆ ಎಲ್ಲಿದೆ ಅಂತ ಅವ್ರಿಗಿಂತ ಚೆನ್ನಾಗಿ ಬಲ್ಲವ್ರು ಯಾರೂ ಇಲ್ಲ.

— ಒಬ್ಬ ಓದುಗ, ಸಾಗರ