ಒಂದು ರಾತ್ರಿ ಕಂಡ ಚುಕ್ಕೆ ಇನ್ನೂ ಕ್ಷುದ್ರಗ್ರಹವಲ್ಲ

ಮಾನ್ಯ ಸಂಪಾದಕರೇ,

‘ಹೊಸ ಕ್ಷುದ್ರಗ್ರಹ ಪತ್ತೆ’ ಎಂಬ ತಲೆಬರಹದ ಸುದ್ದಿಗಳು ಈಗ ಆಗಾಗ ಬರುತ್ತವೆ. ಚಿತ್ರದಲ್ಲಿ ಚಲಿಸುವ ಚುಕ್ಕೆ ಕಂಡದ್ದು, ಅದಕ್ಕೆ ತಾತ್ಕಾಲಿಕ ಸಂಕೇತ ಸಿಕ್ಕಿದ್ದು, ಕಕ್ಷೆ ಖಚಿತವಾಗಿ ಕಾಯಂ ಸಂಖ್ಯೆ ಬಿದ್ದದ್ದು – ಈ ಮೂರೂ ಬಹುಪಾಲು ವರದಿಗಳಲ್ಲಿ ‘ಪತ್ತೆ’ ಎಂಬ ಒಂದೇ ಪದದೊಳಗೆ ಕಲಸಿಹೋಗುತ್ತವೆ. ಮೊದಲನೆಯದು ಒಂದು ಗಂಟೆಯ ಕೆಲಸ. ಮೂರನೆಯದಕ್ಕೆ ವರ್ಷಗಳು ಬೇಕು.

ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಕಾಯ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ಬಂದಾಗ, ಅಂದರೆ ವಿಯುತಿಯಲ್ಲಿ, ಗಂಟೆಗೆ 35 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೆಯ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಆಸುಪಾಸಿನಲ್ಲಿ ಪಶ್ಚಿಮಕ್ಕೆ ಸರಿಯುತ್ತದೆ. ಭೂಮಿ ಅದನ್ನು ಹಿಂದೆ ಹಾಕುವುದರಿಂದ ಈ ಹಿಮ್ಮುಖ ಚಲನೆ. ಒಂದೇ ಜಾಗದ ಮೂರು ನಾಲ್ಕು ಚಿತ್ರಗಳನ್ನು 20ರಿಂದ 30 ನಿಮಿಷಗಳ ಅಂತರದಲ್ಲಿ ತೆಗೆದು, ಒಂದರ ಮೇಲೊಂದು ಮಿನುಗಿಸಿ ನೋಡಿದರೆ ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ, ಚುಕ್ಕೆ ಜಿಗಿಯುತ್ತದೆ. ಒಂದೇ ಚಿತ್ರಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಬೆಳಕು ಕೊಟ್ಟರೆ ಚುಕ್ಕೆ ಗೆರೆಯಾಗತೊಡಗುತ್ತದೆ. ಹಾಗಾಗಿ ಮಂದ ಕಾಯಗಳಿಗೆ ಚಿಕ್ಕ ಚಿಕ್ಕ ಚಿತ್ರಗಳನ್ನು ತೆಗೆದು, ಕ್ಷುದ್ರಗ್ರಹದ ವೇಗಕ್ಕೆ ತಕ್ಕಂತೆ ಸರಿಸಿ ಕೂಡಿಸುತ್ತಾರೆ.

ಮೋಸ ಹೋಗುವುದೂ ಇಲ್ಲೇ. ಕ್ಯಾಮೆರಾ ಸಂವೇದಕದಲ್ಲಿ ಬೆಳಕಿಲ್ಲದೆಯೂ ಹೊಳೆಯುವ ‘ಬಿಸಿ’ ಪಿಕ್ಸೆಲ್‌ಗಳು, ಕಾಸ್ಮಿಕ್ ಕಿರಣದ ಹೊಡೆತಗಳು, ಹತ್ತಿರದ ಪ್ರಕಾಶಮಾನ ನಕ್ಷತ್ರ ಮಸೂರಗಳಲ್ಲಿ ಮೂಡಿಸುವ ಭೂತಬಿಂಬ – ಎಲ್ಲವೂ ಚುಕ್ಕೆಗಳಂತೆಯೇ ಕಾಣುತ್ತವೆ. ಮೂರು ಚಿತ್ರಗಳಲ್ಲಿ ಇಂಥ ಸುಳ್ಳು ಚುಕ್ಕೆಗಳೇ ಆಕಸ್ಮಿಕವಾಗಿ ಸರಳರೇಖೆಯಲ್ಲಿ ಕೂರಬಹುದು. ನಾಲ್ಕನೆಯ ಚಿತ್ರ ಬೇಕಾಗುವುದು ಅದಕ್ಕೇ. ಚುಕ್ಕೆ ನಿಜವೇ ಆಗಿದ್ದರೂ ಮೊದಲೇ ಗೊತ್ತಿರುವ ಕಾಯವಾಗಿರುವ ಸಂಭವ ಹೆಚ್ಚು. ಸಮಯದ ವಿಷಯದಲ್ಲಿ ಹೊಸಬರ ಸಾಮಾನ್ಯ ತಪ್ಪು, ಷಟರ್ ತೆರೆದ ಕ್ಷಣವನ್ನು ಬರೆಯುವುದು. ವರದಿ ಮಾಡಬೇಕಾದದ್ದು ಬೆಳಕು ಕೊಟ್ಟ ಅವಧಿಯ ನಡುಬಿಂದು, ಅದೂ ಸಾರ್ವತ್ರಿಕ ಕಾಲಮಾನದಲ್ಲಿ (ಯುಟಿಸಿ). ಎರಡು ನಿಮಿಷದ ಚಿತ್ರದಲ್ಲಿ ಈ ತಪ್ಪಾದರೆ ಕಾಯ ಸುಮಾರು 0.6 ಆರ್ಕ್‌ಸೆಕೆಂಡ್ ಪಕ್ಕಕ್ಕೆ ಸರಿದಂತೆ. ಗಾಯಾ ಉಪಗ್ರಹದ ನಕ್ಷತ್ರಪಟ್ಟಿಯನ್ನು ಆಧಾರವಾಗಿಟ್ಟು ಎಷ್ಟೇ ನಾಜೂಕಾಗಿ ಅಳೆದರೂ ಗಡಿಯಾರದ ತಪ್ಪು ಅಳತೆಯನ್ನು ನುಂಗಿಹಾಕುತ್ತದೆ.

ಅಳತೆಗಳು ಹೋಗುವುದು ಜಗತ್ತಿನ ಕ್ಷುದ್ರಗ್ರಹ ಅಳತೆಗಳನ್ನೆಲ್ಲ ಕಲೆಹಾಕುವ, ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಮುಖ್ಯ ಪಟ್ಟಿಯ ಕಾಯಕ್ಕೆ ಕನಿಷ್ಠ ಎರಡು ರಾತ್ರಿಗಳ ಅಳತೆ ಇಲ್ಲದೆ ತಾತ್ಕಾಲಿಕ ಸಂಕೇತ ಸಿಗುವುದಿಲ್ಲ. ಒಂದೇ ರಾತ್ರಿಯವು ಜೋಡಿಗಾಗಿ ಕಾಯುತ್ತಾ ಕಡತದಲ್ಲಿ ಬಿದ್ದಿರುತ್ತವೆ. ಅಂಥವು ಲಕ್ಷಗಟ್ಟಲೆ ಇವೆ. ಸಂಕೇತದಲ್ಲೇ ದಿನಾಂಕವೂ ಅಡಗಿರುತ್ತದೆ. ‘2010 ಸಿಡಿ 12’ ಎಂಬ ರೂಪದಲ್ಲಿ ‘ಸಿ’ ಎಂದರೆ ಫೆಬ್ರುವರಿಯ ಮೊದಲ ಅರ್ಧ, ‘ಡಿ’ ಎಂದರೆ 25 ಅಕ್ಷರಗಳ ಸುತ್ತಿನಲ್ಲಿ ನಾಲ್ಕನೆಯದು, 12 ಎಂದರೆ ಅಷ್ಟು ಸುತ್ತು ಮುಗಿದಿದೆ. ಲೆಕ್ಕ ಹಾಕಿದರೆ ಆ ಅರ್ಧ ತಿಂಗಳ 304ನೆಯ ಕಾಯ. 1 ಎಂಬ ಅಂಕಿಯೊಡನೆ ಗೊಂದಲವಾಗದಿರಲಿ ಎಂದು ‘ಐ’ ಅಕ್ಷರವನ್ನು ಬಿಟ್ಟಿದ್ದಾರೆ.

ಸಂಕೇತ ಸಿಕ್ಕಿತು ಎಂದರೆ ಕಕ್ಷೆ ಸಿಕ್ಕಿತು ಎಂದಲ್ಲ. ಎರಡು ರಾತ್ರಿಯ ಅಳತೆ ದಿಕ್ಕನ್ನು ಹೇಳುತ್ತದೆ, ದೂರವನ್ನು ಸರಿಯಾಗಿ ಹೇಳುವುದಿಲ್ಲ. ಈ ತೊಡಕು ಮೊದಲ ಕ್ಷುದ್ರಗ್ರಹದಷ್ಟೇ ಹಳೆಯದು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳಜ್ಞ ಪಿಯಾಜಿ ಕಂಡ ಸೆರೆಸ್ ಫೆಬ್ರುವರಿ 11ರ ನಂತರ ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. ಅಷ್ಟೇ ಅಳತೆಗಳಿಂದ ಗಣಿತಜ್ಞ ಗೌಸ್ ಕಕ್ಷೆಯನ್ನು ಲೆಕ್ಕ ಹಾಕಿ ಕೊಟ್ಟದ್ದರಿಂದ ಡಿಸೆಂಬರ್ 31ರಂದು ಖಗೋಳಜ್ಞ ಫಾನ್ ಜಾಕ್ ಅದನ್ನು ಮತ್ತೆ ಹಿಡಿದರು. ಅಂದಿನ ಆ 41 ದಿನಗಳ ಅಳತೆ ಇಂದಿನ ಎಷ್ಟೋ ‘ಪತ್ತೆ’ಗಳಿಗಿಂತ ಉದ್ದದ್ದು!

ಇಂದು ಕಾಯಂ ಸಂಖ್ಯೆ ಬೀಳಲು ಸಾಮಾನ್ಯವಾಗಿ ನಾಲ್ಕು ವಿಯುತಿಗಳಲ್ಲಿ ಕಾಯವನ್ನು ನೋಡಿರಬೇಕು. ಪಟ್ಟಿಯ ನಡುವಿನ ಕಾಯಕ್ಕೆ ಒಂದು ವಿಯುತಿಯಿಂದ ಮುಂದಿನದಕ್ಕೆ ಸುಮಾರು 15 ತಿಂಗಳು, ಅಂದರೆ ಎಲ್ಲವೂ ಸುಸೂತ್ರವಾದರೆ ನಾಲ್ಕು ವರ್ಷ. ಹಳೆಯ ಸಮೀಕ್ಷೆಗಳ ಚಿತ್ರಗಳಲ್ಲಿ ಗುರುತಿಸದೆ ಉಳಿದ ಅದೇ ಚುಕ್ಕೆ ಸಿಕ್ಕರೆ ಕಾಯುವುದು ತಪ್ಪುತ್ತದೆ. ಹೆಸರಿನ ಮಾತು ಬರುವುದು ಇದೆಲ್ಲ ಆದಮೇಲೆ. ಸಂಖ್ಯೆ ಬಿದ್ದ ಬಳಿಕ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು ಶೋಧಕರದು. ರೋಮನ್ ಲಿಪಿಯಲ್ಲಿ 16 ಅಕ್ಷರ ಮೀರುವಂತಿಲ್ಲ. ರಾಜಕೀಯ, ಸೇನಾ ವ್ಯಕ್ತಿಯಾದರೆ ತೀರಿಹೋಗಿ ನೂರು ವರ್ಷವಾಗಿರಬೇಕು. ಆದ್ದರಿಂದ ಚುಕ್ಕೆ ಕಂಡ ವಾರವೇ ‘ಕ್ಷುದ್ರಗ್ರಹಕ್ಕೆ ಇಂಥವರ ಹೆಸರು’ ಎಂದು ಅಚ್ಚಾದರೆ ಅನುಮಾನಿಸಬೇಕು.

ಗಾತ್ರದ ಬಗ್ಗೆಯೂ ಒಂದು ಮಾತು. ‘ಇಷ್ಟು ಕಿಲೋಮೀಟರ್ ವ್ಯಾಸ’ ಎಂದು ಬರೆಯುವಾಗ ಅದು ಅಳೆದದ್ದೋ ಊಹಿಸಿದ್ದೋ ಹೇಳುವುದಿಲ್ಲ. ಕಕ್ಷೆ ತಿಳಿದಮೇಲೆ ಸಿಗುವುದು ನಿರಪೇಕ್ಷ ಕಾಂತಿಮಾನ ಮಾತ್ರ, ಅಂದರೆ ಕಾಯ ಒಂದು ಪ್ರಮಾಣಿತ ದೂರದಲ್ಲಿದ್ದರೆ ಎಷ್ಟು ಬೆಳಗಿ ಕಾಣುತ್ತಿತ್ತು ಎಂಬ ಅಂಕಿ. ಅದು 16 ಎಂದಿಟ್ಟುಕೊಳ್ಳಿ. ಮೇಲ್ಮೈ ಇಂಗಾಲಭರಿತವಾಗಿ ಬೆಳಕಿನ ಶೇ 5ರಷ್ಟನ್ನು ಮಾತ್ರ ಹಿಂತಿರುಗಿಸಿದರೆ ವ್ಯಾಸ ಸುಮಾರು 3.75 ಕಿ.ಮೀ.; ಕಲ್ಲಿನ ಮೈಯಾಗಿ ಶೇ 25ರಷ್ಟು ಹಿಂತಿರುಗಿಸಿದರೆ 1.7 ಕಿ.ಮೀ. ಅದೇ ಚುಕ್ಕೆ, ಎರಡರಷ್ಟಕ್ಕೂ ಮೀರಿದ ವ್ಯತ್ಯಾಸ. ಇದನ್ನು ಬಿಡಿಸಲು ಅವಕೆಂಪು ಅಳತೆ ಬೇಕು, ಇಲ್ಲವೇ ಕಾಯವು ನಕ್ಷತ್ರವೊಂದನ್ನು ಮರೆಮಾಡುವ ಸೆಕೆಂಡುಗಳನ್ನು ಹಲವು ಕಡೆಗಳಿಂದ ಎಣಿಸಬೇಕು.

ತಿರುಗುವ ಅವಧಿಯನ್ನು ಬೆಳಕಿನ ಏರಿಳಿತದಿಂದ ತೆಗೆಯುತ್ತಾರೆ. ಉದ್ದನೆಯ ಕಾಯ ಒಂದು ಸುತ್ತಿಗೆ ಎರಡು ಸಲ ಬೆಳಗಿ ಎರಡು ಸಲ ಮಂಕಾಗುತ್ತದೆ. ಇದನ್ನು ಮರೆತರೆ ಅವಧಿ ಅರ್ಧಕ್ಕಿಳಿಯುತ್ತದೆ. 12 ಗಂಟೆಗೆ ಹತ್ತಿರದ ಅವಧಿ ಇನ್ನೂ ಕಾಟ ಕೊಡುತ್ತದೆ: ಒಂದೇ ಜಾಗದಿಂದ ಪ್ರತಿ ರಾತ್ರಿ ನೋಡಿದರೆ ಕಾಣುವುದು ಅದೇ ಮಗ್ಗುಲು. ಬೇರೆ ರೇಖಾಂಶದಲ್ಲಿ ಇನ್ನೊಬ್ಬರು ನೋಡದೆ ಅದು ಬಗೆಹರಿಯದು. ಕೆಲವು ಕಿಲೋಮೀಟರ್‌ಗಳ ಕಾಯಕ್ಕೆ 2.2 ಗಂಟೆಗಿಂತ ಕಡಿಮೆ ಅವಧಿ ಬಂದರೆ ಮೊದಲು ಲೆಕ್ಕವನ್ನೇ ಶಂಕಿಸುವುದು ಒಳ್ಳೆಯದು. ಗುರುತ್ವದಿಂದಷ್ಟೇ ಅಂಟಿಕೊಂಡ ಕಲ್ಲುಗುಡ್ಡೆ ಅದಕ್ಕಿಂತ ವೇಗವಾಗಿ ತಿರುಗಿದರೆ ಚದುರಿಹೋಗುತ್ತದೆ.

ಇನ್ನು ಮುಂದೆ ಇಂಥ ಸುದ್ದಿಯ ಜೊತೆ ತಾತ್ಕಾಲಿಕ ಸಂಕೇತ, ನೋಡಿದ ರಾತ್ರಿಗಳ ಸಂಖ್ಯೆ, ಗಾತ್ರ ಹೇಳಿದರೆ ಯಾವ ಪ್ರತಿಫಲನ ಪ್ರಮಾಣ ಹಿಡಿದದ್ದು ಎಂಬುದನ್ನೂ ಅಚ್ಚು ಮಾಡಬೇಕೆಂದು ಕೋರಿಕೆ. ಎರಡು ಸಾಲು ಸಾಕು. ಸಂಕೇತವೊಂದಿದ್ದರೆ ಓದುಗರೇ ಮೈನರ್ ಪ್ಲಾನೆಟ್ ಸೆಂಟರ್‌ನ ಮುಕ್ತ ದತ್ತಾಂಶದಲ್ಲಿ ಹುಡುಕಿ, ಆ ಕಾಯಕ್ಕೆ ಎಷ್ಟು ದಿನಗಳ ಅಳತೆ ಇದೆ ಎಂದು ನೋಡಿಕೊಳ್ಳಬಹುದು.

ಇತಿ,
ಓರ್ವ ಓದುಗ